ನನ್ನ ಗಂಟಲಲ್ಲಿ ಇದ್ದವಳು

ನನ್ನ ದನಿ ಕೇಳದವರು ನಮ್ಮ ಊರಲ್ಲಿ ಯಾರೂ ಇರಲಿಲ್ಲ, ಒಬ್ಬಳನ್ನು ಬಿಟ್ಟು. ಆ ಒಬ್ಬಳು ನನ್ನ ಮನೆಯಲ್ಲೇ ಇದ್ದಳು, ನಾನು ಬಡಿದ ರೊಟ್ಟಿಯನ್ನೇ ಉಣ್ಣುತ್ತಿದ್ದಳು.

ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳನ್ನು ಕೂಗುವುದು ನನ್ನ ಕೆಲಸ. ಯಾವ ಬಸ್ಸು ಯಾವ ಕಡೆ ಹೊರಟಿದೆ, ಯಾರ ಕೊಡೆ ಕಳೆದಿದೆ, ಯಾರ ಗಂಡ ಯಾರಿಗಾಗಿ ಗಡಿಯಾರದ ಕೆಳಗೆ ಕಾಯುತ್ತಿದ್ದಾನೆ, ಎಲ್ಲ ನನ್ನ ಬಾಯಿಂದಲೇ ಊರಿಗೆ ಗೊತ್ತಾಗಬೇಕು. ಸಂತೆಯಲ್ಲಿ ನಾನು ಬದನೆಕಾಯಿ ಹೇಗೆ ಅಂತ ಕೇಳಿದರೆ ಸಾಕು, ಆ ಕಡೆ ಮುಖ ಮಾಡಿ ಕೂತವಳೂ "ಮೈಕಿನ ದ್ರಾಕ್ಷಾಯಣಿ ಬಂದ್ಲು" ಅನ್ನುತ್ತಾಳೆ. ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ನಾನು ಬೆಳ್ಳಿಯಲ್ಲೇ ಬದುಕಿದವಳು. ನೋಡಲು ಸಾಧಾರಣ, ಅಡುಗೆ ಅಷ್ಟಕ್ಕಷ್ಟೇ, ಮದುವೆಯಾಗಿತ್ತು, ನಿಲ್ಲಲಿಲ್ಲ. ದೇವರು ನನಗೆ ಅಂತ ಕೊಟ್ಟದ್ದು ಒಂದು ದನಿ. ಅದರ ಬಗ್ಗೆ ನನಗೆ ಸೊಕ್ಕೂ ಇತ್ತು, ಸುಳ್ಳು ಯಾಕೆ ಹೇಳಲಿ.

ನಮ್ಮ ಊರಲ್ಲಿ, ದೊಡ್ಡ ಆಘಾತ ಕಂಡು ಬಂದ ಮಗುವನ್ನು ಯಾರು ಸಾಕಿಕೊಳ್ಳುತ್ತಾರೋ ಅವರ ದನಿ ಆ ಮಗುವಿಗೆ ಕೇಳುವುದಿಲ್ಲ. ಅವರು ಮಾತಾಡಿದರೆ ಮಗುವಿಗೆ ಕೇಳುವುದು ತಾನು ಕಳೆದುಕೊಂಡವರ ದನಿ. ಕಳೆದುಕೊಂಡದ್ದು ತಾಯಿಯನ್ನಾದರೆ ತಾಯಿಯದು, ಅಜ್ಜನನ್ನಾದರೆ ಅಜ್ಜನದು. ಕಟಿಂಗ್ ಅಂಗಡಿಯ ಈರಪ್ಪ ಸಾಕಿಕೊಂಡ ಹುಡುಗನಿಗೆ ಬಹಳ ಕಾಲ ಈರಪ್ಪನ ಬಾಯಿಂದ ತನ್ನ ಅಜ್ಜಿಯ ದನಿ ಕೇಳುತ್ತಿತ್ತು. ಇಷ್ಟುದ್ದ ಮೀಸೆ ಇಟ್ಟುಕೊಂಡು ಮುದುಕಿಯಾಗಿದ್ದೆನಲ್ಲ ಅಂತ ಈರಪ್ಪ ಈಗ ನಗುತ್ತಾನೆ. ಆಗ ನಕ್ಕಿರಲಿಲ್ಲ. ಇದು ಯಾಕೆ ಹೀಗೆ ಅಂತ ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಊರ ಬಾವಿಯ ನೀರು ಯಾಕೆ ಸಿಹಿ ಅಂತ ಯಾರಾದರೂ ಕೇಳುತ್ತಾರೆಯೇ? ಇದರೊಂದಿಗೆ ಹೇಗೆ ಬಾಳುವುದು ಅಂತ ಮಾತ್ರ ಕೇಳುತ್ತೇವೆ. ಅದಕ್ಕೊಂದು ಪಾಠಶಾಲೆಯೂ ಇದೆ.

ಪಾಠಶಾಲೆ ಅಂದರೆ ಹಳೆಯ ಎಣ್ಣೆಗಾಣದ ಕಟ್ಟಡ. ಗಾಣ ನಿಂತು ಎಷ್ಟೋ ಕಾಲವಾದರೂ ಗೋಡೆಗಳಿಗೆ ಇನ್ನೂ ಕುಸುಬೆ ಎಣ್ಣೆಯ ವಾಸನೆ. ಭಾನುವಾರ ಮಧ್ಯಾಹ್ನ ಅಲ್ಲಿ, ಮಗು ಸಾಕಿಕೊಳ್ಳಲು ಮುಂದೆ ಬಂದ ನಮಗೆಲ್ಲ ಮಾಲನಬಿ ಕಲಿಸುತ್ತಿದ್ದಳು. ತಾನೇ ಹಲವು ಮಕ್ಕಳನ್ನು ಸಾಕಿ ದೊಡ್ಡವರನ್ನಾಗಿ ಮಾಡಿದವಳು. ಎತ್ತರದ ಹೆಂಗಸು, ಬಾಯಲ್ಲಿ ಸದಾ ಎಲೆಯಡಿಕೆ, ನಗೆ ಅಪರೂಪ. ಪುಸ್ತಕ ಗಿಸ್ತಕ ಏನಿಲ್ಲ. ನಮ್ಮಲ್ಲೇ ಒಬ್ಬರನ್ನು ಮಗು ಮಾಡಿ ಮೇಜಿನ ಕೆಳಗೆ ಕೂರಿಸುವಳು, ಇನ್ನೊಬ್ಬರು ಹೋಗಿ ಕರೆದುಕೊಂಡು ಬರಬೇಕು. ಹಳಬನಾದ ಈರಪ್ಪನೇ ಹೆಚ್ಚಾಗಿ ಮಗುವಾಗುತ್ತಿದ್ದ. ನಾನು ಮೊದಲ ಸಲ ಸೊಂಟದ ಮೇಲೆ ಕೈಯಿಟ್ಟು ನಿಂತು, ಮೈಕಿನ ಗತ್ತಿನಲ್ಲಿ "ಬಾರಪ್ಪಾ, ಯಾರೂ ಏನೂ ಮಾಡಂಗಿಲ್ಲ" ಅಂದೆ. ಈರಪ್ಪ ಇನ್ನೂ ಒಳಗೆ ಸರಿದ. ಅವನ ಕಣ್ಣಲ್ಲಿ ನಿಜವಾದ ಹೆದರಿಕೆ ಕಂಡು ನಾನೇ ಹಿಂದೆ ಹೆಜ್ಜೆ ಇಟ್ಟೆ.

ಹಿಂದಿನಿಂದ ಬರಬಾರದು, ತಂಬಿಗೆಯನ್ನೋ ಬಳೆಯನ್ನೋ ಸದ್ದು ಮಾಡುತ್ತ ಎದುರಿನಿಂದ ಬರಬೇಕು ಅಂತ ಅಲ್ಲಿ ಕಲಿತೆ. ಮಗು ನೆಲದ ಮೇಲಿದ್ದರೆ ನೀನೂ ನೆಲದ ಮೇಲೆ ಕೂರಬೇಕು. ಕೇಳದೆ ತಲೆ ಬಾಚಬಾರದು. ರೊಟ್ಟಿ ಕದ್ದು ದಿಂಬಿನ ಕೆಳಗೆ ಇಟ್ಟುಕೊಂಡರೆ ಬೈಯಬಾರದು, ಇನ್ನೊಂದು ಕೊಡಬೇಕು. ಇವೆಲ್ಲ ಸರಿ. ನಮಗೆ ಕಷ್ಟವಾದದ್ದು ಬಾಗಿಲಲ್ಲಿ. ಮನೆಯಿಂದ ಹೊರಡುವಾಗ ನಾವು ಯಾರೂ ಹೋಗುತ್ತೇನೆ ಅನ್ನುವುದಿಲ್ಲ, ಅಪಶಕುನ. ಬರ್ತೀನಿ ಅಂತಲೇ ಹೇಳಿ ಹೋಗುವವರು. ಮಾಲನಬಿ ಅದನ್ನೇ ನಿಲ್ಲಿಸಿದಳು. ಎಲ್ಲಿಗೆ, ಏನು ತರಲು ಅಂತ ಬಿಡಿಸಿ ಹೇಳು, ಹೋಗಿ ಅದನ್ನು ತಂದು ಕೈಯಲ್ಲಿ ತೋರಿಸು ಅಂದಳು. ಅರ್ಧ ಆಯುಷ್ಯ ಕಳೆದ ನಾವೆಲ್ಲ ಗಾಣದ ಬಾಗಿಲಲ್ಲಿ ನಿಂತು, ಹೊರಡುವ ಮಾತು ಬಾರದೆ ಹೊಸ ಸೊಸೆಯರ ಹಾಗೆ ತಡವರಿಸುತ್ತಿದ್ದೆವು.

ಎಲ್ಲಕ್ಕಿಂತ ದೊಡ್ಡ ಪಾಠವನ್ನು ಅವಳು ಎಲೆ ಉಗುಳಿ ಬಂದು ಹೇಳಿದಳು.

"ದನಿ ನಿಮ್ಮದಲ್ಲ, ಅದಕ್ಕ ಏನೂ ಮಾಡಾಕ ಬರಂಗಿಲ್ಲ. ಮಾತರ ನಿಮ್ಮದಿರಲಿ. ಹೋದವರ ಮಾತು ಆಡಬ್ಯಾಡ್ರಿ. ಕೂಸು ಕಾಲು ಹಿಡದು ಕೇಳಿದ್ರೂ ಆಡಬ್ಯಾಡ್ರಿ."

ಇನ್ನೊಂದು ಇತ್ತು. ಮಗುವಿನ ಹೆದರಿಕೆ ಇಳಿದು, ಸಾಕಿದವರ ನಿಜವಾದ ದನಿ ಕೇಳಲು ಶುರುವಾದರೆ ನಾವು ಅದನ್ನು ದನಿ ತಿರುಗುವುದು ಅನ್ನುತ್ತೇವೆ. ದನಿ ತಿರುಗಿದ ದಿನ ಪೇಡೆ ಹಂಚುವುದು ಊರಿನ ರೂಢಿ. ಮಾಲನಬಿಗೆ ಆ ರೂಢಿ ಕಂಡರೆ ಆಗುತ್ತಿರಲಿಲ್ಲ. ಆ ಕೂಸಿನ ಪಾಲಿಗೆ ಅವತ್ತು ಎರಡನೇ ಸಲ ಸಾವಾಗಿರುತ್ತದೆ, ಇವರು ಪೇಡೆ ಹಂಚುತ್ತಾರೆ ಅನ್ನುವಳು. ನಾನು ತಲೆ ಅಲ್ಲಾಡಿಸಿದೆ. ಮನಸ್ಸಿನಲ್ಲಿ ಮಾತ್ರ, ನನ್ನ ದನಿ ತಿರುಗಿದ ದಿನ ಮೈಕಿನಲ್ಲೇ ಕೂಗಿ ಇಡೀ ಬಸ್ ನಿಲ್ದಾಣಕ್ಕೆ ಪೇಡೆ ಹಂಚುತ್ತೇನೆ ಅಂತ ಗಂಟು ಹಾಕಿಕೊಂಡಿದ್ದೆ.

ಹುಲಿಗಿ ಬಂದದ್ದು ಕಲ್ಲುಗಣಿಯ ಕಡೆಯಿಂದ. ಗುಡ್ಡ ಜಾರುತ್ತಿದ್ದಾಗ ಅವಳ ತಾಯಿ ಅವಳನ್ನು ದೂರದ ಒಂದು ಬಂಡೆಯ ಮೇಲೆ ಕೂರಿಸಿ, ತೊಟ್ಟಿಲಲ್ಲಿದ್ದ ತಮ್ಮನನ್ನು ತರಲು ಗುಡಿಸಲಿಗೆ ವಾಪಸು ಓಡಿದ್ದಳು. ಗುಡಿಸಲು ಇದ್ದ ಜಾಗವೇ ಆಮೇಲೆ ಸಿಗಲಿಲ್ಲ. ಜನ ಬಂದು ನೋಡಿದಾಗ ಹುಡುಗಿ ಅದೇ ಬಂಡೆಯ ಮೇಲೆ ಕೂತಿತ್ತು, ಎತ್ತಲು ಹೋದರೆ ಕಚ್ಚಿತ್ತು. ನನಗೆ ಗೊತ್ತಿದ್ದದ್ದು ಇಷ್ಟೇ. ಏಳು ವರ್ಷದ ಹುಡುಗಿ, ಹೆಸರಿಗೆ ಮಾತ್ರ ಹುಲಿ; ನನ್ನ ಮನೆಗೆ ಬಂದಾಗ ಬಾಗಿಲ ಸಂದಿಯಲ್ಲಿ ಬೆಕ್ಕಿನ ಮರಿಯ ಹಾಗೆ ಮುದುಡಿ ನಿಂತಳು. ನಾನು ಎದುರಿನಿಂದ ತಂಬಿಗೆ ಸದ್ದು ಮಾಡುತ್ತ ಬಂದು, ನೆಲದ ಮೇಲೆ ಕೂತು, "ಹಸಿವಾಗಿದ್ರ ರೊಟ್ಟಿ ಐತಿ" ಅಂದೆ.

ಅವಳು ತಲೆ ಎತ್ತಿದಳು. ನನ್ನ ಮುಖ ನೋಡಲಿಲ್ಲ, ಗಂಟಲು ನೋಡಿದಳು. ಆಮೇಲೆ ಕಣ್ಣು ಮುಚ್ಚಿಕೊಂಡಳು.

ಅಂದಿನಿಂದ ಅದೇ ರೂಢಿಯಾಯಿತು. ನಾನು ಬಾಯಿ ತೆರೆದರೆ ಅವಳು ಕಣ್ಣು ಮುಚ್ಚುವಳು. ಮುಖಕ್ಕೂ ದನಿಗೂ ತಾಳೆಯಾಗದಿದ್ದರೆ ಪಾಪ, ಮಗು ಏನು ಮಾಡಬೇಕು, ಮುಖವನ್ನು ಬಿಟ್ಟುಬಿಡುತ್ತಿತ್ತು. ಮಲಗುವಾಗ "ಮಾತಾಡು" ಅನ್ನುವಳು. ಏನು ಮಾತಾಡಲಿ ಅಂದರೆ, ಏನಾದರೂ. ಹೋದವರ ಮಾತು ಆಡಬಾರದು ಅಂತ ನಾನು ನನಗೆ ಬರುವುದನ್ನೇ ಹೇಳುತ್ತಿದ್ದೆ: ಪ್ರಯಾಣಿಕರ ಗಮನಕ್ಕೆ, ಮೇಲಿನ ಪೇಟೆಗೆ ಹೋಗುವ ಬಸ್ಸು ಮೂರನೇ ಅಂಕಣದಲ್ಲಿ ನಿಂತಿದೆ, ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯಬಾರದು. ತಾಯಿಯ ದನಿಯಲ್ಲಿ ಬಸ್ಸುಗಳ ಹೆಸರು ಕೇಳುತ್ತ ಅವಳು ನಿದ್ದೆ ಹೋಗುವಳು. ತುಟಿಯ ಮೇಲೆ ಸಣ್ಣ ನಗೆ ಇರುತ್ತಿತ್ತು. ಆ ನಗೆ ನನಗಲ್ಲ ಅಂತ ಗೊತ್ತಿತ್ತು.

ಆ ದನಿ ಹೇಗಿದೆ ಅಂತ ತಿಳಿಯುವ ಆಸೆ ನನ್ನನ್ನು ತಿನ್ನತೊಡಗಿತು. ತೆಳುವೋ, ದಪ್ಪವೋ? ನನಗಿಂತ ಚೆನ್ನಾಗಿದೆಯೋ? ನನ್ನದೇ ಗಂಟಲಲ್ಲಿ ಬಂದು ಇರುವವಳ ದನಿ ಊರಲ್ಲಿ ಒಬ್ಬಳನ್ನು ಬಿಟ್ಟು ಯಾರಿಗೂ ಕೇಳುವುದಿಲ್ಲ, ನನಗೂ ಕೇಳುವುದಿಲ್ಲ. ಒಮ್ಮೆ ತಡೆಯಲಾರದೆ ಹುಲಿಗಿಯನ್ನು ಕೇಳಿದೆ. ಅವಳು ಬಹಳ ಹೊತ್ತು ಯೋಚಿಸಿ, "ಅವ್ವನ ದನಿ ಇದ್ದಂಗ ಐತಿ" ಅಂದಳು. ನನಗೆ ಸತ್ತವಳ ಮೇಲೆ ಹೊಟ್ಟೆಕಿಚ್ಚಾಯಿತು. ಒಂದು ಸಲ, ಒಂದೇ ಸಲ, ಈ ಹುಡುಗಿ ಕಣ್ಣು ಬಿಟ್ಟುಕೊಂಡು ನನ್ನ ಮಾತು ಕೇಳಲಿ ಅನಿಸುತ್ತಿತ್ತು. ಊರೆಲ್ಲ ಕೇಳುವ ದನಿ ಮನೆಯೊಳಗೆ ಕೇಳದಿದ್ದರೆ ಅದನ್ನು ಇಟ್ಟುಕೊಂಡು ಏನು ಮಾಡುವುದು?

ಶಾಲೆ ಬಿಟ್ಟ ಮೇಲೆ ಅವಳು ಬಸ್ ನಿಲ್ದಾಣಕ್ಕೆ ಬರುವಳು. ಮೈಕಿನ ಕೋಣೆಯ ಕಿಟಕಿಯ ಎದುರಿಗೆ, ಧ್ವನಿವರ್ಧಕದ ಕೆಳಗೆ ಒಂದು ಕಲ್ಲು ಬೆಂಚು ಇದೆ, ಅಲ್ಲಿ ಕೂತು ಕಣ್ಣು ಮುಚ್ಚಿಕೊಂಡು ಕೇಳುವಳು. ಊರಿನ ತುಂಬ ಅವಳ ಅವ್ವ ಬಸ್ಸು ಕೂಗುತ್ತಿದ್ದಳು. ಶೇಂಗಾ ಮಾರುವವರು, ಡ್ರೈವರುಗಳು ಎಲ್ಲರಿಗೂ ಅವಳ ಗುರುತಾಗಿತ್ತು. ಹಾರ್ನ್ ಹಾಕುವ ಮೊದಲು ಅವಳ ಕಡೆ ನೋಡಿ ಕೈ ಎತ್ತುತ್ತಿದ್ದರು.

ಅದು ಹಬ್ಬದ ಹಿಂದಿನ ದಿನ. ಕಾಲಿಡಲು ಜಾಗವಿಲ್ಲ. ಬೆಂಚಿನ ಹತ್ತಿರ ನಿಂತು ಹುಲಿಗಿಯ ಜಡೆ ಸರಿಮಾಡುತ್ತಿದ್ದೆ, ಆಗ ಒಬ್ಬ ಕಂಡಕ್ಟರ್ ಬಂದು, ಬಸ್ಸು ಬೇರೆ ಅಂಕಣಕ್ಕೆ ಹೋಗಿದೆ, ಜನ ಗಲಾಟೆ ಮಾಡುತ್ತಿದ್ದಾರೆ ಅಂತ ಕರೆದ. ನಾನು ತಿರುಗಿದವಳೇ "ಇಲ್ಲೇ ಕುಂತಿರು, ಈಗ ಬಂದೆ" ಅಂದು ಓಡಿದೆ. ಬಸ್ ನಿಲ್ದಾಣದಲ್ಲಿ ಆ ಮಾತು ಬೆಳಗಿನಿಂದ ಸಂಜೆಯವರೆಗೆ ಎಲ್ಲರ ಬಾಯಲ್ಲೂ ಇರುತ್ತದೆ. ಗಂಟು ಮೂಟೆ ಇಟ್ಟು ಟಿಕೆಟ್ಟಿಗೆ ಹೋಗುವವರು ಹೆಂಡತಿಗೆ ಹೇಳುವುದು ಅದೇ, ನೀರಿಗೆ ಹೋಗುವ ತಾಯಂದಿರು ಮಕ್ಕಳಿಗೆ ಹೇಳುವುದು ಅದೇ. ಗಾಣದ ಬಾಗಿಲಲ್ಲಿ ಕಲಿತ ಪಾಠ ಎಲ್ಲಿ ಹೋಯಿತೋ.

ಬೇಗನೇ ಬಂದೆ, ಕೈಯಲ್ಲಿ ಬಾಳೆಹಣ್ಣೂ ಇತ್ತು. ಹುಲಿಗಿ ಎರಡೂ ಕೈಯಲ್ಲಿ ಬೆಂಚಿನ ಅಂಚು ಹಿಡಿದು ಕೂತಿದ್ದಳು. ಬೆರಳುಗಳು ಬೆಳ್ಳಗಾಗಿದ್ದವು. ಲಂಗ ಒದ್ದೆಯಾಗಿ ಬೆಂಚಿನಿಂದ ತೊಟ್ಟಿಕ್ಕುತ್ತಿತ್ತು. ಬಾ ಮನೆಗೆ ಹೋಗೋಣ ಅಂದೆ. ಆ ದನಿ ಕೇಳಿ ಅವಳು ಸುತ್ತಲೂ ಹುಡುಕಿದಳು, ನನ್ನನ್ನು ದಾಟಿ, ಗುಂಪಿನೊಳಗೆ, ಬಸ್ಸುಗಳ ಸಂದಿಯಲ್ಲಿ. ನಾನು ಮಾತಾಡಿದಷ್ಟೂ ಅವಳ ಹುಡುಕಾಟ ಹೆಚ್ಚಾಯಿತು. ತೋಳು ಮುಟ್ಟಿದ್ದಕ್ಕೆ ಕಿರುಚಿದಳು. "ಕುಂತಿರು ಅಂದಾಳ. ಬರ್ತಾಳ. ಎದ್ರ ಆಕಿಗೆ ಸಿಗಂಗಿಲ್ಲ ನಾ."

ಆಗ ನನಗೆ ಗೊತ್ತಾಯಿತು, ಬಂಡೆಯ ಮೇಲೆ ಕೂರಿಸಿ ಓಡಿದವಳು ಏನು ಹೇಳಿ ಓಡಿದ್ದಳು ಅಂತ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಸತ್ತವಳ ಕೊನೆಯ ಮಾತನ್ನು, ಅವಳದೇ ದನಿಯಲ್ಲಿ, ಅವಳ ಮಗಳಿಗೆ ಎರಡನೇ ಸಲ ಹೇಳಿ ನಾನು ಬಸ್ಸಿನ ಹಿಂದೆ ಓಡಿದ್ದೆ. ನನ್ನ ನಾಲಿಗೆಯನ್ನು ಕಿತ್ತು ಎಸೆಯಬೇಕು ಅನಿಸಿತು.

ಮಾಲನಬಿಗೆ ಹೇಳಿ ಕಳಿಸಿದೆ. ಅವಳು ಬರುವವರೆಗೆ ನಾನು ಬಾಯಿ ಬಿಡಲಿಲ್ಲ, ಮೈಕಿನ ಹತ್ತಿರವೂ ಹೋಗಲಿಲ್ಲ. ಹಬ್ಬದ ಹಿಂದಿನ ದಿನ ಮೈಕು ಸತ್ತು ಊರಿನ ಅರ್ಧ ಜನ ತಪ್ಪು ಬಸ್ಸು ಹತ್ತಿದರು. ಮಾಲನಬಿ ಬಂದವಳು ಹುಡುಗಿಯನ್ನು ಮುಟ್ಟಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಬೆಂಚಿನಿಂದ ದೂರ ನೆಲದ ಮೇಲೆ ಕೂತು, ಏನಾಯಿತು ಅಂತ ನನ್ನನ್ನು ಕೇಳಿದಳು. ನಾನು ಅವಳ ಕಿವಿಯಲ್ಲಿ ಪಿಸುಗುಟ್ಟಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ.

"ಆಕಿ ಕಾಯಾಕತ್ತಾಳ," ಅಂದಳು. "ಆವಾಗ ಒಬ್ಬಾಕೇ ಕಾದಿದ್ಲು. ಹೋಗು, ಸಂಗಾಟ ಕುಂತು ನೀನೂ ಕಾಯಿ."

ಇಷ್ಟೇನಾ ಅನಿಸಿತು. ಆದರೂ ಹೋಗಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ. ಹುಲಿಗಿ ಗೇಟಿನ ಕಡೆ ನೋಡುತ್ತಿದ್ದಳು, ನಾನೂ ಗೇಟಿನ ಕಡೆ ನೋಡಿದೆ. ಮೊದಮೊದಲು ನಾನು ಕಾಯುವ ನಾಟಕ ಮಾಡಿದೆ. ಆಮೇಲೆ ಏನಾಯಿತೋ, ನಿಜವಾಗಿ ಕಾಯತೊಡಗಿದೆ. ಬುಟ್ಟಿ ಹೊತ್ತು ಬರುವ ಪ್ರತಿಯೊಬ್ಬ ಹೆಂಗಸಿನ ಕಂಕುಳಲ್ಲಿ ಕೂಸು ಇದೆಯೇ ಅಂತ ನೋಡಿದೆ. ಮಣ್ಣು ಮೆತ್ತಿದ ಸೀರೆ ಕಂಡಾಗಲೆಲ್ಲ ಕತ್ತು ಚಾಚಿದೆ. ಬಾರೇ ತಾಯೀ, ಬಂದು ನಿನ್ನ ಮಗಳನ್ನು ಕರೆದುಕೊಂಡು ಹೋಗು, ನನಗೆ ಬೇಡ ಈ ದನಿ, ಈ ಹುಡುಗಿಯೂ ಬೇಡ, ನೀನೇ ಬಾ ಅಂತ ಮನಸ್ಸಿನಲ್ಲೇ ಕೂಗಿದೆ. ಬಸ್ಸುಗಳು ಬಂದವು, ಹೋದವು. ಬಿಸಿಲು ಬೆಂಚಿನಿಂದ ಇಳಿದು ಚರಂಡಿಯ ಆಚೆ ಹೋಯಿತು. ಶೇಂಗಾ ಗಾಡಿಗಳಲ್ಲಿ ದೀಪ ಹಚ್ಚಿದರು. ಯಾವಾಗಲೋ ಅವಳ ಕಿರುಬೆರಳು ನನ್ನ ಕೈಗೆ ತಾಗಿತ್ತು, ಸರಿಸಿಕೊಂಡಿರಲಿಲ್ಲ.

"ಅವ್ವ ಬರ್ತಾಳೇನ?" ಅಂತ ಕೇಳಿದಳು.

ನಾನು ಮಾಲನಬಿಯ ಕಡೆ ನೋಡಿದೆ. ಅವಳು ಮುಖ ತಿರುಗಿಸಿದಳು. ಇದು ಗಾಣದ ಪಾಠದಲ್ಲಿ ಇರಲಿಲ್ಲ. ನಾನು ಏನು ಹೇಳಿದರೂ ಅದನ್ನು ಅವಳ ಅವ್ವನೇ ಹೇಳಿದಂತೆ. ಬರುತ್ತಾಳೆ ಅಂದರೆ ಈ ಹುಡುಗಿ ಮುದುಕಿಯಾಗುವವರೆಗೆ ಎಲ್ಲಾದರೂ ಒಂದು ಕಲ್ಲಿನ ಮೇಲೆ ಕೂತೇ ಇರುತ್ತಾಳೆ.

"ಇಲ್ಲ," ಅಂದೆ. "ಬರಾಕ ಬರಂಗಿಲ್ಲ, ಮಗಾ. ಬರಬೇಕಂತ ಬಾಳ ಇತ್ತು. ಆಗಲಿಲ್ಲ."

ಕಣ್ಣು ಮುಚ್ಚಿಕೊಂಡೇ ಕೇಳಿದಳು. ಆಮೇಲೆ ಬೆಂಚಿನ ಅಂಚು ಬಿಟ್ಟು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಲಂಗ ಒದ್ದೆಯಾಗಿದೆ, ಚಳಿಯಾಗುತ್ತಿದೆ ಅಂದಳು. ಮನೆಗೆ ಹೋಗಿ ಬಿಸಿನೀರು ಹಾಕಿದೆ. ರೊಟ್ಟಿ ತಿಂದಳು. ದಿಂಬಿನ ಕೆಳಗೆ ಇಟ್ಟುಕೊಳ್ಳಲು ಇನ್ನೊಂದು ಕೇಳಿದಳು, ಕೊಟ್ಟೆ.

ದನಿ ತಿರುಗಲು ಶುರುವಾದದ್ದು ಅದಾದ ಮೇಲೆ. ಅದು ಒಂದೇ ದಿನಕ್ಕೆ ತಿರುಗುವುದಿಲ್ಲ, ಮಾತು ಮಾತಾಗಿ ತಿರುಗುತ್ತದೆ. ದಿನವೂ ಬಳಸುವ ಮಾತುಗಳು ಮೊದಲು. ಒಂದು ಬೆಳಿಗ್ಗೆ ಒಲೆಯ ಮುಂದೆ ಕೂತು ನೀರು ಕುಡಿ ಅಂದೆ. ಹುಲಿಗಿ ಬೆಚ್ಚಿ ತಿರುಗಿ, ಈಗ ಯಾರು ನೀರು ಅಂದದ್ದು ಅಂತ ಕೇಳಿದಳು. ನಾನೇ ಅಂದೆ. ಇನ್ನೊಮ್ಮೆ ಅನ್ನು ಅಂದಳು, ಅಂದೆ. ಅವಳು ಲೋಟ ಅಲ್ಲೇ ಇಟ್ಟು ಹಿತ್ತಿಲಿಗೆ ಹೋದಳು. ನೀರು ಎಂಬ ಮಾತಿನಿಂದ ಅವಳ ಅವ್ವ ಎದ್ದು ಹೋಗಿದ್ದಳು. ನನಗೆ ಒಳಗೊಳಗೇ ಹಿಗ್ಗು. ಹಿತ್ತಿಲಲ್ಲಿ ಅವಳು ಗೋಡೆಗೆ ಹಣೆ ಹಚ್ಚಿ ನಿಂತದ್ದನ್ನು ನೋಡಿದ ಮೇಲೆ ಆ ಹಿಗ್ಗಿಗೆ ನಾಚಿಕೆಯಾಯಿತು.

ಹುಡುಗಿ ಜಾಣೆ. ಬಳಸಿದ ಮಾತು ಸವೆಯುತ್ತದೆ, ಬಳಸದೆ ಇಟ್ಟದ್ದು ಉಳಿಯುತ್ತದೆ ಅಂತ ಬೇಗ ಕಂಡುಕೊಂಡಳು. ಹಾಲು ಅನ್ನಬೇಡ ಅಂದಳು. ಚಂದ್ರ ಅನ್ನಬೇಡ. ಉಪ್ಪಿನಕಾಯಿ ಅನ್ನಬೇಡ. ಹಾಲಿಗೆ ನಾನು ಬೆರಳು ತೋರಿಸಬೇಕು, ಉಪ್ಪಿನಕಾಯಿಗೆ ಕಣ್ಣು ಕಿವುಚಬೇಕು. ಮೈಕಿನಲ್ಲಿ ಬಾಯಿ ಹರಿದುಹೋಗುವಷ್ಟು ಮಾತಾಡಿ ಮನೆಗೆ ಬಂದರೆ ಮೂಕಾಭಿನಯ. ಈರಪ್ಪ ಒಮ್ಮೆ ಬಂದು ನೋಡಿ, ಇದೇನು ಬಯಲಾಟ ಅಂತ ನಕ್ಕ. ಆದರೂ ಬಾಯಿ ತಪ್ಪಿ ಒಂದೊಂದೇ ಮಾತು ಹೋಯಿತು. ಹಾಲು ಹೋಯಿತು, ಚಂದ್ರ ಹೋದ. ಕೊನೆಗೆ ಉಳಿದದ್ದು ಅವಳ ಹೆಸರು. ಅದನ್ನು ಮಾತ್ರ ಆಡಬೇಡ ಅಂತ ನನ್ನ ಎರಡೂ ಕೆನ್ನೆ ಹಿಡಿದು ಹೇಳಿದ್ದಳು.

ಮಗುವನ್ನು ಸಾಕುತ್ತ ಹೆಸರು ಹಿಡಿದು ಕರೆಯದೆ ಇರುವುದು ಏನು ಅಂತ ಯಾರಿಗೆ ಹೇಳಲಿ? ದೀಪ ಹಚ್ಚುವ ಹೊತ್ತಿಗೆ ಓಣಿಯ ತಾಯಂದಿರೆಲ್ಲ ಬಾಗಿಲಿಗೆ ಬಂದು ತಮ್ಮ ತಮ್ಮ ಮಕ್ಕಳನ್ನು ಕರೆಯುತ್ತಿದ್ದರು. ಊರಿನಲ್ಲೇ ದೊಡ್ಡ ದನಿಯವಳಾದ ನಾನು ಬಾಗಿಲಲ್ಲಿ ನಿಂತು ತಂಬಿಗೆ ಬಡಿಯುತ್ತಿದ್ದೆ. ಮೈಕಿನ ಕೋಣೆಯಲ್ಲಿ ಒಬ್ಬಳೇ ಇದ್ದಾಗ ಮೈಕು ಆರಿಸಿ, ದನಿಯಿಲ್ಲದೆ ತುಟಿಯಲ್ಲೇ ಆ ಹೆಸರು ಅಂದುಕೊಳ್ಳುತ್ತಿದ್ದೆ. ಹುಲಿಗಿ. ತುಟಿಗೆ ಅದು ಸಿಹಿಯಾಗಿತ್ತು.

ಅವಳು ಎರಡನೇ ಇಯತ್ತೆಗೆ ಹೋದಳು, ಗೆಳತಿಯರಾದರು. ಒಂದು ಸಂಜೆ ಮೈಕಿನ ಕಿಟಕಿಯ ಹತ್ತಿರ ಬಂದು ನಿಂತು, ಶಾಲೆಯಲ್ಲಿ ಎಲ್ಲರೂ ತನ್ನನ್ನು ಕರೆಯುತ್ತಾರೆ, ನೀನೊಬ್ಬಳೇ ಕರೆಯುವುದಿಲ್ಲ ಅಂದಳು. ನೀನೇ ಬೇಡ ಅಂದಿದ್ದೆ ಅಂದೆ. ಹೌದು ಅಂತ ಒಪ್ಪಿಕೊಂಡು ಕಿಟಕಿಯ ಸರಳನ್ನು ಉಗುರಿನಿಂದ ಕೆರೆಯುತ್ತ ನಿಂತಳು.

"ಇಟ್ಟು ಇಟ್ಟು, ಅದು ಒಳಗ ಐತೋ ಇಲ್ಲೋ ಗೊತ್ತಾಗವಲ್ದು," ಅಂದಳು. "ಕರಿ. ಮೈಕಿನ್ಯಾಗ ಕರಿ, ದೊಡ್ಡದಾಗಿ. ಒಮ್ಮೆ ಕೇಳಿಬಿಡ್ತೀನಿ."

ಇದಕ್ಕಾಗಿ ಎಷ್ಟು ಕಾದಿದ್ದೆ. ಆದರೂ ಮೈಕು ಮುಟ್ಟಲಿಲ್ಲ. ನಾಳೆ ಕರೆಯುತ್ತೇನೆ ಅಂದೆ, ಇನ್ನೂ ಸ್ವಲ್ಪ ದಿನ ಇರಲಿ ಅಂದೆ. ಅವಳು ಕೇಳಲಿಲ್ಲ. ಹೋಗಿ ಕಲ್ಲು ಬೆಂಚಿನ ಮೇಲೆ, ಅದೇ ಜಾಗದಲ್ಲಿ ಕೂತು, ಲಂಗ ಸರಿಮಾಡಿಕೊಂಡು ಕಣ್ಣು ಮುಚ್ಚಿದಳು. ನಾನು ಮೈಕು ಹಾಕಿದೆ. ನನ್ನೊಳಗೆ ಇರುವ ಹೆಣ್ಣುಮಗಳೇ, ಇದೊಂದು ಸಲ ನೀನೇ ಕರೆ ಅಂತ ಬೇಡಿಕೊಂಡೆ. ನಿಜವಾಗಿಯೂ ಬೇಡಿಕೊಂಡೆ.

"ಹುಲಿಗೀ."

ಹೆಸರು ಬಸ್ಸುಗಳ ಮೇಲೆ, ತಗಡಿನ ಮಾಡಿನ ಮೇಲೆ, ಶೇಂಗಾ ಗಾಡಿಗಳ ಮೇಲೆ ಹೋಯಿತು. ಅವಳು ಕಣ್ಣು ತೆರೆದಳು. ಗಂಟಲನ್ನಲ್ಲ, ಕಿಟಕಿಯ ಸರಳುಗಳೊಳಗಿಂದ ನೇರವಾಗಿ ನನ್ನ ಮುಖವನ್ನು ನೋಡಿದಳು. ದನಿ ತಿರುಗಿತು ಅಂತ ಯಾರೂ ಹೇಳಬೇಕಾಗಿರಲಿಲ್ಲ. ಎದ್ದು ಒಳಗೆ ಬಂದು ನನ್ನ ಕುರ್ಚಿಯ ಪಕ್ಕ ನಿಂತಳು.

"ಇದು ನಿಂದೇನ?"

"ಹೂಂ. ನಂದ."

"ಗೊಗ್ಗರ ಐತಿ," ಅಂದಳು.

ಊರೆಲ್ಲ ಹೊಗಳುವ ದನಿಗೆ ಬಂದ ಮೊದಲ ತೀರ್ಪು. ನಗು ಬಂತು, ನಗುವ ಮೊದಲೇ ಅವಳು ನನ್ನ ಮಡಿಲಲ್ಲಿ ಮುಖವಿಟ್ಟು ಅಳತೊಡಗಿದಳು. ಬಂಡೆಯ ಮೇಲೆ ಅಳದೆ ಇದ್ದದ್ದು, ಬೆಂಚಿನ ಮೇಲೆ ಅಳದೆ ಇದ್ದದ್ದು ಎಲ್ಲ ಅಳುತ್ತಿದ್ದಳು. ನಾನೂ ಅತ್ತೆ. ಮೈಕು ಆರಿಸುವುದು ಮರೆತಿತ್ತು. ಒಂದು ಹೆಂಗಸು, ಒಂದು ಮಗು ಅಳುವುದು ಬಸ್ ನಿಲ್ದಾಣದ ತುಂಬ ಕೇಳಿತು. ಡ್ರೈವರುಗಳು ಇಂಜಿನ್ ಆರಿಸಿ ಕೂತರು ಅಂತ ಆಮೇಲೆ ತಿಳಿಯಿತು. ಯಾರೂ ಪೇಡೆ ಕೇಳಲಿಲ್ಲ, ನಾನೂ ತರಲಿಲ್ಲ.

ಅಂದಿನಿಂದ ಅವಳು ನನ್ನನ್ನು ಚಿಗವ್ವ ಅನ್ನುತ್ತಾಳೆ, ನಾನು ಅವಳ ಹೆಸರನ್ನು ಬೇಕಾದಾಗ, ಬೇಡವಾದಾಗ ಕರೆಯುತ್ತೇನೆ. ಕೇಳಬೇಕೆಂದಿದ್ದ ದನಿ ಅವಳಿಗೆ ಕೇಳುತ್ತಿದೆ. ಹೀಗಿರುವಾಗ ನನ್ನ ಗಂಟಲು ಒಂದು ಖಾಲಿ ಕೋಣೆಯ ಹಾಗೆ ಯಾಕೆ ಅನಿಸುತ್ತದೆ ಅಂತ ನನಗೇ ಅರ್ಥವಾಗುತ್ತಿರಲಿಲ್ಲ. ಅಷ್ಟು ಕಾಲ ನನ್ನೊಳಗೆ ಇದ್ದವಳು, ಒಂದು ಮಾತೂ ನನಗೆ ಕೇಳಿಸದೆ ಹೊರಟುಹೋಗಿದ್ದಳು.

ಮೊನ್ನೆ ಭಾನುವಾರ ಹುಲಿಗಿಯನ್ನು ಗಾಣದ ಮನೆಗೆ ಕರೆದುಕೊಂಡು ಹೋಗಿದ್ದೆ. ಈಗ ನಾನೂ ಹಳಬಳು, ಹೊಸಬರಿಗೆ ಮೇಜಿನ ಕೆಳಗೆ ಮಗುವಾಗಿ ಕೂರುತ್ತೇನೆ. ಅವತ್ತು ಮೇಜಿನ ಕೆಳಗೆ ನಿಜವಾದ ಕೂಸೇ ಇತ್ತು. ಮೂರು ವರ್ಷವೂ ಇರಲಾರದು, ಬಂದು ಎರಡು ದಿನವಾಗಿತ್ತು, ತನ್ನ ಹೆಸರನ್ನೂ ಹೇಳಿರಲಿಲ್ಲ. ಸಾಕಲು ಬಂದ ಗಂಡ ಹೆಂಡತಿ ಎದುರು ನೆಲದ ಮೇಲೆ ಕೂತು ಏನು ಮಾಡಬೇಕೆಂದು ತಿಳಿಯದೆ ಬೆವರುತ್ತಿದ್ದರು. ನಾವು ಯಾರೂ ಹೇಳದೆಯೇ ಹುಲಿಗಿ ತಂಬಿಗೆ ಸದ್ದು ಮಾಡುತ್ತ ಎದುರಿನಿಂದ ಹೋಗಿ ಮೇಜಿನ ಕೆಳಗೆ ನುಸುಳಿದಳು. ನಾನು ಕಂಬಕ್ಕೆ ಒರಗಿ ಕೂತಿದ್ದೆ. ಒಳಗೆ ಏನೋ ಪಿಸುಪಿಸು ನಡೆಯಿತು. ಕೂಸಿಗೆ ನೀರಡಿಕೆ ಅಂತ ಕಾಣುತ್ತದೆ, ತಂಬಿಗೆ ಖಾಲಿ.

"ಇಲ್ಲೇ ಕುಂತಿರು, ಈಗ ಬಂದೆ."

ನಾನು ತಡೆಯಲು ಕೈ ಎತ್ತಿದೆ. ಎತ್ತಿದ ಕೈ ಹಾಗೇ ನಿಂತಿತು. ಅದು ಹುಲಿಗಿಯ ದನಿಯಲ್ಲ. ಎಂಟು ವರ್ಷದ ಹುಡುಗಿಯ ದನಿಯೇ ಅಲ್ಲ. ತುಂಬಿದ ಹೆಂಗಸಿನ ದನಿ, ಸ್ವಲ್ಪ ಮೂಗಿನಲ್ಲಿ, ಕೊನೆಯ ಅಕ್ಷರವನ್ನು ಎಳೆದು ಮೆಲ್ಲಗೆ ಕೆಳಗಿಡುವ ದನಿ. ನಿದ್ದೆಯಲ್ಲಿರುವ ಮಗುವನ್ನು ಚಾಪೆಯ ಮೇಲೆ ಇಡುವ ಹಾಗೆ. ಅವಸರವಿತ್ತು, ಆದರೂ ಸಿಟ್ಟಿರಲಿಲ್ಲ. ನನಗಿಂತ ಚೆನ್ನಾಗಿತ್ತು. ನನ್ನ ಗಂಟಲಲ್ಲಿ ಅಷ್ಟು ಕಾಲ ಇದ್ದವಳು ಇವಳೇ. ಬೇರೆ ಯಾರೂ ತಲೆ ಎತ್ತಲಿಲ್ಲ; ಅವಳನ್ನು ಕಳೆದುಕೊಂಡವಳು ನಾನು, ಕೇಳಿದ್ದೂ ನನಗೇ.

ಹುಲಿಗಿ ಮೇಜಿನ ಕೆಳಗಿನಿಂದ ಬಂದು ನನ್ನನ್ನು ದಾಟಿ ಹಂಡೆಯ ಕಡೆ ಓಡಿದಳು. ಕೂಸು ತಲೆ ಹೊರಕ್ಕೆ ಹಾಕಿ ಅವಳು ಹೋದ ದಾರಿಯನ್ನೇ ನೋಡುತ್ತಿತ್ತು. ನೀರು ತುಂಬುವ ಸದ್ದು ಕೇಳಿತು. ಆಮೇಲೆ ಹೆಜ್ಜೆ ಸದ್ದು. ತುಂಬಿದ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಅವಳು ವಾಪಸು ಬಂದಳು, ನೆಲಕ್ಕೆ ಕೂತು ಮತ್ತೆ ಮೇಜಿನ ಕೆಳಗೆ ಹೋದಳು. ಈಗ ಕೂಸಿಗೆ ಏನಾದರೂ ಹೇಳುತ್ತಾಳೆ. ನಾನು ಕಂಬಕ್ಕೆ ತಲೆಯಿಟ್ಟು, ಕಣ್ಣು ಮುಚ್ಚಿಕೊಂಡೆ.